ನಾಲ್ಕನೇ ಕಾಲಂನ ಟಿಕ್ ಮರೆಯಬೇಡಿ

ಮೂರು ವರ್ಷದ ಮಗುವೊಂದು ಅಂಗನವಾಡಿಯಲ್ಲಿ ಮೂಲೆ ಹಿಡಿದು ಕೂತಿದೆ ಅಂದುಕೊಳ್ಳಿ. ಕರೆದರೆ ಬರುವುದಿಲ್ಲ, ಸುಮ್ನೆ ನೋಡುತ್ತದೆ. ಟೀಚರ್‌ಗಳಾದ ನಮಗೆ ಕಾಣುವುದು ಇಷ್ಟೇ. ಅದೇ ಮಗು ಮನೆಯಲ್ಲಿ ತಂಗಿಯ ಜೊತೆ ಅಡುಗೆ ಆಟ ಆಡುತ್ತದಾ, ಅಪ್ಪ ಬಂದರೆ ಬಾಗಿಲಿಗೆ ಓಡುತ್ತದಾ, ರಾತ್ರಿ ಎದ್ದು ಅಳುತ್ತದಾ? ಇದೆಲ್ಲ ಗೊತ್ತಿರುವುದು ಮನೆಯವರಿಗೆ. ಹಾಗಾಗಿ ಮಗುವಿನ ಭಾವನೆ, ಬೆರೆಯುವ ರೀತಿ ತಿಳಿಯಬೇಕಾದರೆ ಮೊದಲು ಕೇಳಬೇಕಾದ್ದು ಅವರನ್ನೇ.

ಈ ನಂಬಿಕೆಯ ಮೇಲೆ ನಿಂತಿರುವ ಪ್ರಶ್ನಾವಳಿ ಎಎಸ್‌ಕ್ಯೂ: ಎಸ್‌ಇ-2 (ಏಜಸ್ ಅಂಡ್ ಸ್ಟೇಜಸ್ ಕ್ವೆಶ್ಚನೇರ್ಸ್: ಸೋಷಿಯಲ್-ಎಮೋಷನಲ್). ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಜೇನ್ ಸ್ಕ್ವೈರ್ಸ್ ಮತ್ತು ಸಂಗಡಿಗರು ರೂಪಿಸಿದ್ದು. ಎರಡನೇ ಆವೃತ್ತಿ ಬಂದದ್ದು 2015ರಲ್ಲಿ. 1ರಿಂದ 72 ತಿಂಗಳ ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ 9 ಫಾರಂಗಳಿವೆ. ತುಂಬುವವರು ತಂದೆತಾಯಿ. 10–15 ನಿಮಿಷ ಸಾಕು.

ಅಂಕ ಹಾಕುವಾಗ ಎಡವುವುದು ಸುಲಭ, ಅದಕ್ಕೆ ನಿಧಾನವಾಗಿ ನೋಡೋಣ. ಉತ್ತರ ಮೂರು: ಹೆಚ್ಚಾಗಿ, ಕೆಲವೊಮ್ಮೆ, ಅಪರೂಪಕ್ಕೆ. ಅಂಕ 0, 5 ಅಥವಾ 10. ‘ಮಾತಾಡಿಸಿದರೆ ಮುಖ ನೋಡುತ್ತದಾ’ ಎಂಬಂಥ ಪ್ರಶ್ನೆಗೆ ‘ಹೆಚ್ಚಾಗಿ’ ಎಂದರೆ 0. ‘ತುಂಬಾ ಹೊತ್ತು ಅಳುತ್ತದಾ’ ಎಂಬಂಥದಕ್ಕೆ ‘ಹೆಚ್ಚಾಗಿ’ ಎಂದರೆ 10. ಒಟ್ಟು ಅಂಕ ಜಾಸ್ತಿಯಾದಷ್ಟೂ ಮಗುವಿನ ಕಡೆ ಗಮನ ಜಾಸ್ತಿ ಬೇಕು. ಮಾತು, ನಡೆಯುವುದು ಮುಂತಾದ ಬೆಳವಣಿಗೆ ನೋಡುವ ಎಎಸ್‌ಕ್ಯೂ-3ರಲ್ಲಿ ಇದು ಉಲ್ಟಾ. ಅಲ್ಲಿ ಕಡಿಮೆ ಬಂದರೆ ಎಚ್ಚರ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಪ್ರತಿ ಪ್ರಶ್ನೆಯ ಪಕ್ಕ ಮೂರು ಉತ್ತರಗಳ ಜೊತೆ ನಾಲ್ಕನೇ ಕಾಲಂ ಇದೆ: ‘ಇದು ನಿಮಗೆ ಚಿಂತೆಯಾಗಿದೆಯಾ?’ ಅಲ್ಲಿ ಟಿಕ್ ಹಾಕಿದರೆ 5 ಅಂಕ ಸೇರುತ್ತದೆ. ‘ಕೆಲವೊಮ್ಮೆ’ ಎಂದು ಉತ್ತರಿಸಿದ ತಾಯಿಗೆ ಒಳಗೊಳಗೆ ಚಿಂತೆಯಿದ್ದರೆ 5 ಹೋಗಿ 10 ಆಯಿತು. ಅಮ್ಮನ ಆತಂಕಕ್ಕೂ ಲೆಕ್ಕದಲ್ಲಿ ಜಾಗ ಇದೆ.

ಆದರೆ ಅವರು ಬಾಯಿ ಬಿಡಬೇಕಲ್ವಾ? ‘ಮಗ ಹಠ ಮಾಡ್ತಾನಾ?’ ಎಂದು ಕೇಳಿ ನೋಡಿ. ‘ಇಲ್ಲ ಟೀಚರ್, ಚೆನ್ನಾಗೇ ಇದ್ದಾನೆ’ ಎನ್ನುತ್ತಾರೆ. ಪಕ್ಕದಲ್ಲಿ ಅತ್ತೆ ಕೂತಿರಬಹುದು. ತಾನು ಬೆಳೆಸಿದ ರೀತಿಯನ್ನೇ ಅಳೆಯುತ್ತಿದ್ದಾರೆ ಎಂಬ ಭಯವೂ ಇರಬಹುದು. ಅದರ ಬದಲು ‘ನಿನ್ನೆ ಊಟ ಮಾಡಿಸುವಾಗ ಏನಾಯ್ತು, ಸ್ವಲ್ಪ ಹೇಳ್ತೀರಾ?’ ಎಂದು ಕೇಳಿ. ‘ಅಯ್ಯೋ, ತಟ್ಟೆ ಎಸೆದುಬಿಟ್ಟ. ಅರ್ಧ ಗಂಟೆ ಸಮಾಧಾನ ಆಗ್ಲೇ ಇಲ್ಲ’ ಎಂಬ ಮಾತು ಹೊರಬರಬಹುದು. ಓದಲು ಬರದವರಿಗೆ ನಾವೇ ಓದಿ ಹೇಳಬೇಕು, ಉತ್ತರ ಮಾತ್ರ ಅವರದ್ದೇ ಆಗಿರಬೇಕು.

ಮನೆಯ ರೂಢಿಯನ್ನೂ ಕೇಳಿಕೊಳ್ಳಿ. ನಮ್ಮಲ್ಲಿ ಎಷ್ಟೋ ಅಜ್ಜಿಯರು ನಾಲ್ಕು ವರ್ಷದ ಮೊಮ್ಮಗುವಿಗೂ ಕೈತುತ್ತು ಕೊಡುತ್ತಾರೆ. ಮಗು ತಾನಾಗಿ ಉಣ್ಣುವುದಿಲ್ಲ ಎಂದ ಮಾತ್ರಕ್ಕೆ ತೊಂದರೆ ಇದೆ ಎನ್ನಲಾಗದು. ಮನೆ ಬದಲಾಗಿದೆಯಾ, ಮಗುವಿಗೆ ಜ್ವರ ಬಂದಿತ್ತಾ, ಕಿವಿ ಸರಿಯಾಗಿ ಕೇಳುತ್ತದಾ, ಇವನ್ನೂ ವಿಚಾರಿಸಿ.

ಇಂಥ ಪ್ರಶ್ನಾವಳಿಯಿಂದ ಮಾಡುವ ಸ್ಕ್ರೀನಿಂಗ್ ಒಂದು ಜರಡಿ ಅಷ್ಟೇ. ಕಾಯಿಲೆಯ ಹೆಸರು ಹೇಳುವ ಕೆಲಸ ಅದರದ್ದಲ್ಲ. ನಮ್ಮಲ್ಲಿ ಮುಂದಿನ ದಾರಿ ಎಂದರೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಹೆಚ್ಚಿನ ತಪಾಸಣೆಗೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತಾರೆ.

ಒಟ್ಟು ಅಂಕ ಆ ಫಾರಂಗೆ ಗೊತ್ತುಮಾಡಿದ ಗೆರೆ ದಾಟಿದ್ದರೆ ಅದನ್ನು ಮನೆಯವರಿಗೆ ಫೋನಿನಲ್ಲಿ ಹೇಳಬೇಡಿ. ಎದುರು ಕೂತು, ಮಗು ಚೆನ್ನಾಗಿ ಮಾಡುವುದನ್ನು ಮೊದಲು ಹೇಳಿ. ಆಮೇಲೆ ಫಾರಂ ತೆರೆದು, ಅವರೇ ಟಿಕ್ ಹಾಕಿದ ಪ್ರಶ್ನೆಯಿಂದ ಮಾತು ಶುರು ಮಾಡಿ.