ಕೂದಲು ಉದುರದ ಹಳೆಯ ಟೈರು

ಹೋದ ಬೇಸಿಗೆಯಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮೈಸೂರಿನ ನಮ್ಮ ಟೈರ್ ಅಂಗಡಿಗೆ ಆಟೊದಲ್ಲಿ ನಾಲ್ಕು ಚಕ್ರಗಳನ್ನು ಹೇರಿಕೊಂಡು ಬಂದರು, ರಿಮ್ ಸಮೇತ. ಕಾರು ಕೊಂಡ ವಾರದಲ್ಲೇ ಮಗನ ಆಸೆಗೆ ಅಲಾಯ್ ಚಕ್ರ ಹಾಕಿಸಿದ್ದರಂತೆ. ಕಾರಿನ ಜೊತೆ ಬಂದ ಚಕ್ರಗಳು ಅಂದಿನಿಂದ ತಾರಸಿಯಲ್ಲಿ ನೀರಿನ ಟ್ಯಾಂಕಿನ ಕಟ್ಟೆಗೆ ಒರಗಿಕೊಂಡಿದ್ದವು. ಈಗ ಅಲಾಯ್‌ನ ಟೈರುಗಳು ಸವೆದಿವೆ, ಇವನ್ನು ಹಾಕಿಕೊಡಿ ಎಂದರು. "ನೂರು ಕಿಲೋಮೀಟರೂ ಓಡಿಲ್ಲ. ನೋಡಿ, ಕೂದಲು ಕೂಡ ಉದುರಿಲ್ಲ."

ಕೂದಲು ಎಂದರೆ ಹೊಸ ಟೈರಿನ ಮೈಮೇಲೆ ಮುಳ್ಳಿನಂತೆ ಎದ್ದು ನಿಂತಿರುವ ಸಣ್ಣ ರಬ್ಬರ್ ಎಳೆಗಳು. ಅಚ್ಚಿನಿಂದ ಗಾಳಿ ಹೊರಹೋಗಲು ಮಾಡಿದ ರಂಧ್ರಗಳಿಗೆ ಬಿಸಿ ರಬ್ಬರ್ ನುಗ್ಗಿದಾಗ ಹುಟ್ಟುವಂಥವು. ಸೈಡ್‌ವಾಲ್‌ನಲ್ಲಿ, ಅಂದರೆ ಟೈರಿನ ಪಕ್ಕದ ಮೈಯಲ್ಲಿ, ಅವು ನಿಜಕ್ಕೂ ಹಾಗೇ ಇದ್ದವು. ನಾನು ಒಂದು ಚಕ್ರದ ಗಾಳಿ ಬಿಟ್ಟು, ಎರಡೂ ಹೆಬ್ಬೆರಳಿನಿಂದ ಸೈಡ್‌ವಾಲ್ ಅದುಮಿದೆ. ಬತ್ತಿದ ಕೆರೆಯಂಗಳದ ಹಾಗೆ ಅದು ಬಾಯಿಬಿಟ್ಟಿತು. ಕೆಲವು ಬಿರುಕುಗಳಲ್ಲಿ ಉಗುರು ಸಿಕ್ಕಿಕೊಳ್ಳುತ್ತಿತ್ತು. ಚಕ್ರ ತಿರುಗಿಸಿ ನೋಡಿದರೆ, ಕಟ್ಟೆಯ ಕಡೆಗಿದ್ದ ಮಗ್ಗುಲು ಹೆಚ್ಚುಕಡಿಮೆ ಚೆನ್ನಾಗಿಯೇ ಇತ್ತು. ಬಿಸಿಲಿಗೆ ಮುಖ ಮಾಡಿದ್ದ ಮಗ್ಗುಲಷ್ಟೇ ಹೋಗಿತ್ತು.

"ಲಡ್ಡಾಗಿದೆ ಸಾರ್" ಎಂದೆ. ಅವರ ಮುಖ ಗಂಟಿಕ್ಕಿತು. ಹೊಸ ಟೈರು ಮಾರಲು ಆಡಿದ ಮಾತು ಎಂದುಕೊಂಡಿರಬೇಕು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ನಮ್ಮ ಕಸುಬಿನ ಹೆಸರು ಅಷ್ಟೇನೂ ಚೆನ್ನಾಗಿಲ್ಲ.

ಆದ್ದರಿಂದ ಅವರಿಗೆ ಎರಡು ವಸ್ತು ತೋರಿಸಿದೆ. ಒಂದು, ಸೈಡ್‌ವಾಲ್ ಮೇಲೆ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ: 3418. ಮೊದಲೆರಡು ವಾರ, ಕೊನೆಯೆರಡು ವರ್ಷ. 2018ರ 34ನೇ ವಾರ, ಅಂದರೆ ಆ ವರ್ಷದ ಆಗಸ್ಟಿನಲ್ಲಿ ಹುಟ್ಟಿದ ಟೈರು. ಇನ್ನೊಂದು, ನನ್ನ ಮೇಜಿನ ಖಾನೆಯಲ್ಲಿದ್ದ ಹಳೆಯ ಬಿಲ್ಲುಗಳ ಕಟ್ಟು. ಅದಕ್ಕೆ ಸುತ್ತಿದ್ದ ರಬ್ಬರ್ ಬ್ಯಾಂಡನ್ನು ಎಳೆದೆ, ತುಂಡು ತುಂಡಾಗಿ ಉದುರಿತು. ಅದೇ ಖಾನೆಯ ಮೂಲೆಯಲ್ಲಿ ಸಡಿಲವಾಗಿ ಬಿದ್ದಿದ್ದ, ಅಷ್ಟೇ ಹಳೆಯ ಬ್ಯಾಂಡು ಇನ್ನೂ ಹಿಗ್ಗುತ್ತಿತ್ತು.

ವಿಷಯದ ತಿರುಳು ಇದೇ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಝೋನ್, ರಬ್ಬರಿನ ಅಣುಸರಪಳಿಯನ್ನು ಕತ್ತರಿಸುತ್ತದೆ. ರಬ್ಬರ್ ಸಡಿಲವಾಗಿದ್ದರೆ ಆ ಗಾಯ ಮೇಲ್ಮೈಯಲ್ಲೇ ಉಳಿಯುತ್ತದೆ. ಎಳೆದು ಬಿಗಿಯಾಗಿದ್ದರೆ ಗಾಯ ಬಾಯಿಬಿಟ್ಟು, ಒಳಗಿನ ಹೊಸ ರಬ್ಬರೂ ಗಾಳಿಗೆ ಒಡ್ಡಿಕೊಂಡು, ಬಿರುಕು ಆಳಕ್ಕೆ ಇಳಿಯುತ್ತದೆ. ಜೊತೆಗೆ ಬಿಸಿಲು ಮತ್ತು ಕಾವು. ಕಾವು ಹತ್ತು ಡಿಗ್ರಿ ಹೆಚ್ಚಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಸ್ಥೂಲ ಲೆಕ್ಕ. ನಮ್ಮ ತಾರಸಿಯ ಕಾವು ಏಪ್ರಿಲ್‌ನಲ್ಲಿ ಬರಿಗಾಲಿಟ್ಟವರಿಗೆ ಗೊತ್ತು.

ಟೈರು ತಯಾರಿಸುವವರಿಗೆ ಇದು ತಿಳಿಯದ್ದೇನಲ್ಲ. ರಬ್ಬರಿಗೆ ಮೇಣವನ್ನೂ ಓಝೋನ್ ತಡೆಯುವ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಅವು ಒಳಗಿಂದ ಮೆಲ್ಲನೆ ಮೇಲಕ್ಕೆ ಬಂದು ತೆಳುವಾದ ಪೊರೆ ಕಟ್ಟುತ್ತವೆ. ಟೈರು ಉರುಳುವಾಗ ಸೈಡ್‌ವಾಲ್ ಸುತ್ತಿಗೊಮ್ಮೆ ಬಾಗಿ ನೆಟ್ಟಗಾಗುತ್ತದಲ್ಲ, ಆ ಮಿಸುಕಾಟವೇ ಅವನ್ನು ಮೇಲಕ್ಕೆ ತರುತ್ತದೆ. ಅದಕ್ಕೇ ದಿನವೂ ಓಡುವ ಟ್ಯಾಕ್ಸಿಯ ಟೈರು ನೆಲಕ್ಕೆ ಸವೆದು ಹೋಗುತ್ತದೆ, ಬಿರಿದು ಹೋಗುವುದು ಅಪರೂಪ. ನಿಂತ ಟೈರಿಗೆ ಈ ಆರೈಕೆ ಕಡಿಮೆ. ಹೊಸ ಟೈರಿನ ಪಕ್ಕ ಕಂದು ಬಣ್ಣಕ್ಕೆ ತಿರುಗಿದೆ ಎಂದು ಕೆಲವರು ದೂರು ತರುತ್ತಾರೆ. ಅದು ಕೊಳೆಯಲ್ಲ, ಮೇಲೆ ಬಂದ ಆ ರಕ್ಷಣೆಯ ಪದಾರ್ಥವೇ. ಅದನ್ನು ಬ್ರಷ್ಷಿನಿಂದ ಉಜ್ಜಿ ತೆಗೆದು, ಪೆಟ್ರೋಲಿಯಂ ಬೆರೆತ ಪಾಲಿಶ್ ಹಚ್ಚಿ ಮಿರಮಿರ ಮಿಂಚಿಸುತ್ತಾರೆ. ಡೀಸೆಲ್, ಸೀಮೆಎಣ್ಣೆಯಿಂದ ಒರೆಸುವವರೂ ಇದ್ದಾರೆ. ಕಪ್ಪಗೆ ಕಾಣುತ್ತದೆ ನಿಜ, ಆದರೆ ರಬ್ಬರಿನೊಳಗಿನ ಎಣ್ಣೆ ಮತ್ತು ಮೇಣವನ್ನು ಕರಗಿಸಿ ಎಳೆದುಕೊಳ್ಳುವುದೂ ಅದೇ.

ಹಾಗಾದರೆ ಇಡುವುದು ಹೇಗೆ? ಬರೀ ಸೋಪಿನ ನೀರಿನಲ್ಲಿ ತೊಳೆಯಿರಿ, ಟೈರಿನ ಸಂದಿಗಳಲ್ಲಿ ಸಿಕ್ಕ ಕಲ್ಲು ಕೀಳಿರಿ, ನೆರಳಲ್ಲಿ ಒಂದು ದಿನ ಪೂರ್ತಿ ಆರಲು ಬಿಡಿ. ಎಡ ಮುಂದಿನದು, ಬಲ ಹಿಂದಿನದು ಎಂದು ಸೀಮೆಸುಣ್ಣದಲ್ಲಿ ಬರೆಯಿರಿ. ಆಮೇಲೆ ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಒಂದೊಂದನ್ನೇ ಹಾಕಿ, ಒಳಗಿನ ಗಾಳಿಯನ್ನು ಆದಷ್ಟು ಹೊರಗೆ ಒತ್ತಿ ಟೇಪ್ ಸುತ್ತಿ. ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಗಾಳಿ ಎಳೆಯಲು ಅದು ಇನ್ನೂ ಒಳ್ಳೆಯದು. ಚೀಲ ಕಟ್ಟಿದೆನೆಂದು ಬಿಸಿಲಲ್ಲಿಟ್ಟರೆ ಒಳಗೆ ಬೇಯುತ್ತದೆ, ಅಷ್ಟೇ. ಶೀಟಿನ ಛಾವಣಿಯ ಕೆಳಗಿನ ಅಟ್ಟವೂ ಬೇಡ. ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆ ಪ್ರಶಸ್ತ. ನೆಲಕ್ಕೆ ಒಂದು ಹಲಗೆ ಹಾಸಿ. ಪಕ್ಕದಲ್ಲಿ ಪೆಟ್ರೋಲ್ ಕ್ಯಾನು, ಪೇಂಟಿನ ಡಬ್ಬ ಇರಬಾರದು. ಗೋಡೆಯಾಚೆ ವೆಲ್ಡಿಂಗ್ ನಡೆಯುವ ಗ್ರಿಲ್ ಅಂಗಡಿ ಇದ್ದರೆ ಬೇರೆ ಜಾಗ ಹುಡುಕಿ, ಆ ಬೆಳಕಿನಿಂದಲೂ ಓಝೋನ್ ಹುಟ್ಟುತ್ತದೆ.

ರಿಮ್ ಇದ್ದರೆ ಗಾಳಿಯ ಒತ್ತಡವನ್ನು ಸುಮಾರು 15 ಪಿಎಸ್‌ಐಗೆ ಇಳಿಸಿ, ಒಂದರ ಮೇಲೊಂದು ಮಲಗಿಸಿಡಿ. ಗಾಳಿ ಇಳಿಸುವುದೇಕೆ ಎಂದರೆ, ಬಿಲ್ಲಿನ ಕಟ್ಟಿಗೆ ಬಿಗಿದ ಆ ರಬ್ಬರ್ ಬ್ಯಾಂಡು ನೆನಪಿರಲಿ. ಕಾರಿಗೆ ಹಾಕುವ ಮೊದಲು ಮತ್ತೆ ತುಂಬಿಸಲು ಮರೆಯಬೇಡಿ. ರಿಮ್ ಇಲ್ಲದ ಟೈರನ್ನು ನೆಟ್ಟಗೆ ನಿಲ್ಲಿಸಿ, ತಿಂಗಳಿಗೊಮ್ಮೆ ಕಾಲು ಸುತ್ತು ತಿರುಗಿಸಿ. ಮೊಳೆಗೆ ನೇತುಹಾಕಿದರೆ ರಿಮ್ಮಿಗೆ ಕೂರುವ ಅಂಚು ಸೊಟ್ಟಗಾಗುತ್ತದೆ.

ಬಿಚ್ಚಿಟ್ಟ ಟೈರಿಗಿಂತ ನಾನು ಹೆಚ್ಚು ನೋಡುವುದು ನಿಂತ ಕಾರನ್ನೇ. ಮಕ್ಕಳು ಪರದೇಶದಲ್ಲಿ, ಕಾರು ಇಲ್ಲಿ. ತಂದೆ ವಾರಕ್ಕೊಮ್ಮೆ ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಾರೆ. ಟೈರಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಹದಿನೈದು ದಿನಕ್ಕೊಮ್ಮೆಯಾದರೂ ಐದಾರು ಕಿಲೋಮೀಟರ್ ಓಡಿಸಬೇಕು. ಅಪಾರ್ಟ್‌ಮೆಂಟಿನಲ್ಲಿ ಸಂಜೆ ಬಿಸಿಲು ಒಂದೇ ಕಡೆಯಿಂದ ಬೀಳುವ ಜಾಗವಾದರೆ, ಪ್ರತಿಸಲ ಕಾರಿನ ಮುಖ ತಿರುಗಿಸಿ ನಿಲ್ಲಿಸಿ. ಇಲ್ಲವಾದರೆ ಆ ಮಗ್ಗುಲಿನ ಎರಡೇ ಟೈರು ಮೊದಲು ಬಿರಿಯುತ್ತವೆ. ಇಲ್ಲಿ ಮಾತ್ರ ಗಾಳಿ ಇಳಿಸಬೇಡಿ. ಕಾರಿನ ಭಾರ ಹೊತ್ತ ಟೈರಿನಲ್ಲಿ ಗಾಳಿ ಕಡಿಮೆಯಾದಷ್ಟೂ ಸೈಡ್‌ವಾಲ್ ಮಡಚಿ ನಿಲ್ಲುತ್ತದೆ.

ಒಮ್ಮೆ ಬಿರಿದ ರಬ್ಬರನ್ನು ಕೂಡಿಸುವ ಯಾವ ಮುಲಾಮೂ ಇಲ್ಲ. ಕೂದಲೆಳೆಯಂಥ ಮೇಲ್ಮೈ ಗೆರೆಗಳಿದ್ದರೆ ಗಮನವಿಟ್ಟು ನೋಡುತ್ತಿರಿ. ಉಗುರು ಸಿಕ್ಕುವಷ್ಟು ಆಳವಾಗಿದ್ದರೆ, ಒಳಗಿನ ದಾರ ಕಂಡರೆ, ಗ್ರಿಪ್ ಎಷ್ಟೇ ಉಳಿದಿರಲಿ, ಬದಲಿಸಿ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಟೈರು ಬಲ್ಲವರಿಂದ ಪರೀಕ್ಷೆ ಆಗಲಿ. ಹತ್ತು ವರ್ಷದ ಟೈರು ನೋಡಲು ಎಷ್ಟೇ ಚೆನ್ನಾಗಿದ್ದರೂ ನಾನು ಹಾಕುವುದಿಲ್ಲ.

ಅಧಿಕಾರಿಗಳು ಎರಡು ಟೈರು ಅಲ್ಲೇ ಬಿಟ್ಟರು. ಇನ್ನೆರಡನ್ನು ಗಿಡ ನೆಡಲು ಮನೆಗೆ ಒಯ್ಯುತ್ತೇನೆ ಎಂದರು. ನೀರು ನಿಂತರೆ ಡೆಂಗಿ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ತೊಟ್ಟಿಲಿಲ್ಲ. ಹಾಗಾಗಿ ರಿಮ್ ಬಿಚ್ಚಿ, ಡ್ರಿಲ್ಲಿನಿಂದ ತಳಕ್ಕೆ ನಾಲ್ಕು ತೂತು ಕೊರೆದುಕೊಟ್ಟೆ. ಆಟೊ ಹತ್ತಿದವರು ಏನೋ ನೆನಪಾಗಿ ಇಳಿದು ಬಂದು, "ಡಿಕ್ಕಿಯಲ್ಲಿರುವ ಸ್ಟೆಪ್ನಿಯೂ ಅದೇ ವರ್ಷದ್ದೇ ಅಲ್ಲವೇ?" ಎಂದು ಕೇಳಿದರು. ಮಾರನೆಯ ದಿನ ಕಾರನ್ನೇ ತರಲು ಹೇಳಿದೆ.