ಒತ್ತಿದಾಗ ಮೂಳೆ ಮುರಿಯುವ ಬಗೆ: ತೂತಿನ ಲೆಕ್ಕ

ಮಟನ್ ಸಾರಿನಲ್ಲಿ ಸಿಗುವ ನಲ್ಲಿ ಮೂಳೆಯನ್ನು ಒಮ್ಮೆ ಸರಿಯಾಗಿ ನೋಡಿ. ನಡುಭಾಗದ ಗೋಡೆ ಗಟ್ಟಿ, ನುಣುಪು. ಕೀಲಿನ ಕಡೆಯ ತುದಿಯ ಒಳಗೆ ಮಾತ್ರ ಬರೀ ತೂತು, ನಡುವೆ ಸಣ್ಣ ಸಣ್ಣ ಕಡ್ಡಿಗಳು. ವಸ್ತು ಎರಡೂ ಕಡೆ ಹೆಚ್ಚುಕಡಿಮೆ ಒಂದೇ: ಕೊಲಾಜೆನ್ ನಾರು ಮತ್ತು ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ. ಗಟ್ಟಿ ಮೂಳೆಯಲ್ಲಿ ತೂತಿನ ಪಾಲು ಸುಮಾರು 5ರಿಂದ 10%. ಸ್ಪಂಜಿನಂಥ ಮೂಳೆಯಲ್ಲಿ 50%ಗೂ ಜಾಸ್ತಿ, ಕೆಲವು ಕಡೆ 90% ದಾಟುತ್ತದೆ.

ತೊಡೆ ಮೂಳೆಯ ಗಟ್ಟಿ ಭಾಗ ಉದ್ದಕ್ಕೆ ಒತ್ತಿದರೆ ಸುಮಾರು 200 ಮೆಗಾಪಾಸ್ಕಲ್ (ಒತ್ತಡದ ಅಳತೆ; ಒಂದು ಚದರ ಮಿಲಿಮೀಟರ್ ಮೇಲೆ ಒಂದು ನ್ಯೂಟನ್ ಬಲ) ತಡೆಯುತ್ತದೆ. ಎಳೆದರೆ ಸುಮಾರು 130 ಅಷ್ಟೇ. ಬೆನ್ನೆಲುಬಿನ ಮಣಿಯೊಳಗಿನ ಸ್ಪಂಜು ಮೂಳೆ ಕೆಲವೇ ಮೆಗಾಪಾಸ್ಕಲ್‌ಗೆ ಸೋಲುತ್ತದೆ.

ಸಾಂದ್ರತೆ ಅರ್ಧವಾದರೆ ಬಲವೂ ಅರ್ಧ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಅದು ತಪ್ಪು. ಕಾರ್ಟರ್ ಮತ್ತು ಹೇಯ್ಸ್ ಎಂಬ ಸಂಶೋಧಕರು 1977ರಲ್ಲಿ ತೋರಿಸಿದಂತೆ, ಒತ್ತಡ ತಡೆಯುವ ಬಲ ಸಾಂದ್ರತೆಯ ವರ್ಗದಂತೆ ಬದಲಾಗುತ್ತದೆ, ಬಿಗಿತ (ಒತ್ತಿದಾಗ ಆಕಾರ ಬದಲಾಗದೆ ನಿಲ್ಲುವ ಗುಣ) ಘನದಂತೆ. ಅಂದರೆ ಸಾಂದ್ರತೆ ಅರ್ಧವಾದರೆ ಬಲ ನಾಲ್ಕನೇ ಒಂದು, ಬಿಗಿತ ಎಂಟನೇ ಒಂದು!

ಯಾಕೆ ಹೀಗೆ? ಒಳಗಿನ ಕಡ್ಡಿಗಳು ಸುಮ್ನೆ ಅದುಮಿಕೊಳ್ಳುವುದಿಲ್ಲ, ಬಾಗಿ ಸೊಟ್ಟಗಾಗುತ್ತವೆ. ನೆಟ್ಟಗೆ ನಿಂತ ಕಂಬಕ್ಕೆ ನಡುವೆ ಅಡ್ಡಪಟ್ಟಿ ಕಟ್ಟಿದ್ದರೆ ಅದು ಬಾಗುವುದು ಕಷ್ಟ ಅಲ್ವಾ? ಆ ಪಟ್ಟಿ ತೆಗೆದರೆ ಆಸರೆಯಿಲ್ಲದ ಉದ್ದ ಎರಡರಷ್ಟಾಗುತ್ತದೆ. ಕಂಬ ಎಷ್ಟು ಭಾರಕ್ಕೆ ಬಾಗುತ್ತದೆ ಎಂದು ಹೇಳುವ ಆಯ್ಲರ್ ಸೂತ್ರದ ಪ್ರಕಾರ ಅದು ತಡೆಯುವ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ಮೂಳೆ ಸವೆದು ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಕಾಯಿಲೆಯಲ್ಲಿ ಬೆನ್ನೆಲುಬಿನ ಮಣಿಗಳು ಜಾಸ್ತಿ ಕಳೆದುಕೊಳ್ಳುವುದು ಈ ಅಡ್ಡ ಕಡ್ಡಿಗಳನ್ನೇ. ಹಾಗಾಗಿ ತೂತು ಎಷ್ಟಿದೆ ಎನ್ನುವುದರ ಜೊತೆಗೆ ಯಾವ ಕಡ್ಡಿ ಹೋಯಿತು ಎಂದೂ ಕೇಳಬೇಕು. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ವಸ್ತುವಿನ ಗುಣಕ್ಕೆ ಮನೆಯಲ್ಲೇ ಪ್ರಯೋಗ ಮಾಡಬಹುದು. ಕೋಳಿ ಕಾಲಿನ ಮೂಳೆಯನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಸಿ. ಖನಿಜ ಕರಗಿ ಮೂಳೆ ರಬ್ಬರಿನಂತೆ ಬಳುಕುತ್ತದೆ. ಚೆನ್ನಾಗಿ ಸುಟ್ಟರೆ ಕೊಲಾಜೆನ್ ಹೋಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಬಿಗಿತ ಖನಿಜದಿಂದ, ಮುರಿಯದೆ ತಾಳುವ ಗುಣ ನಾರಿನಿಂದ.

ಮುರಿಯುವ ರೀತಿಯೂ ಬೇರೆ. ಗಟ್ಟಿ ಮೂಳೆಯಲ್ಲಿ ಬಿರುಕು ಓರೆಯಾಗಿ ಜಾರುತ್ತದೆ. ಸ್ಪಂಜು ಮೂಳೆಯಲ್ಲಿ ಕಡ್ಡಿಗಳು ಪದರ ಪದರವಾಗಿ ಕುಸಿಯುತ್ತವೆ. ತೂತುಗಳೆಲ್ಲ ಮುಚ್ಚಿದ ಮೇಲೆ ಮತ್ತೆ ಬಿಗಿಯಾಗುತ್ತದೆ. ಬೆನ್ನೆಲುಬಿನ ಮಣಿಯಲ್ಲಿ ಸಾಮಾನ್ಯವಾಗಿ ಮುಂಭಾಗ ಜಾಸ್ತಿ ಕುಸಿದು, ಮಣಿ ಬೆಣೆಯಾಕಾರಕ್ಕೆ ಬರುತ್ತದೆ.

ಲೆಕ್ಕ ಬಿಡಿಸುವಾಗ ಒಂದು ಎಚ್ಚರ: ಮೇಲಿನ ಸೂತ್ರದಲ್ಲಿ ಬರುವುದು ತೂತುಗಳನ್ನೂ ಸೇರಿಸಿದ ಒಟ್ಟು ಗಾತ್ರದಿಂದ ತೂಕವನ್ನು ಭಾಗಿಸಿದಾಗ ಸಿಗುವ ಸಾಂದ್ರತೆ. ಕಡ್ಡಿಯ ಸ್ವಂತ ಸಾಂದ್ರತೆ ಹಾಕಿದರೆ ಉತ್ತರ ಪೂರ್ತಿ ತಪ್ಪುತ್ತದೆ.