ಬಾಗಿಲ ಹೊರಗೆ ನಿಂತಿದ್ದವನಿಗೂ ಅದೇ ಶಿಕ್ಷೆಯಾ?

ಪ್ರಶ್ನೆ: ನಮ್ಮ ಚಾಳಿನ ಹುಡುಗನೊಬ್ಬ ಸಾಮೂಹಿಕ ಅತ್ಯಾಚಾರದ ಕೇಸಿನಲ್ಲಿ ಜೈಲಿನಲ್ಲಿದ್ದಾನೆ. ಅವನು ಹುಡುಗಿಯನ್ನು ಮುಟ್ಟಿಲ್ಲ, ಹೊರಗೆ ನಿಂತಿದ್ದ ಅಷ್ಟೇ ಅಂತ ಮನೆಯವರು ಹೇಳುತ್ತಾರೆ. ಹುಡುಗಿಯ ಮಾತು ಬಿಟ್ಟರೆ ಬೇರೆ ಸಾಕ್ಷಿಯೂ ಇಲ್ಲವಂತೆ. ಅವನಿಗೂ ಶಿಕ್ಷೆ ಆಗುತ್ತಾ?
– ಓದುಗರು, ಘಾಟ್ಕೋಪರ್

ಆಗಬಹುದು. ಒಳಗಿದ್ದವನಿಗೆ ಆಗುವಷ್ಟೇ ಆಗಬಹುದು. ಕಡಿಮೆ ಅಂದರೂ 20 ವರ್ಷ, ಜಾಸ್ತಿ ಅಂದರೆ ಸಾಯುವವರೆಗೂ ಜೈಲು. ಹುಡುಗಿಗೆ 18 (ಹಳೆಯ ಕಾನೂನಿನಲ್ಲಿ 16) ತುಂಬಿರದಿದ್ದರೆ ಇನ್ನೂ ಕಠಿಣ. 2024ರ ಜುಲೈ 1ರಂದು ಅಥವಾ ಆಮೇಲೆ ನಡೆದದ್ದಾದರೆ ಭಾರತೀಯ ನ್ಯಾಯ ಸಂಹಿತೆಯ 70ನೇ ಕಲಂ, ಅದಕ್ಕೂ ಮೊದಲಿನದಾದರೆ ಹಳೆಯ ಭಾರತೀಯ ದಂಡ ಸಂಹಿತೆಯ 376-ಡಿ ಕಲಂ.

ಈ ಕಲಂ ಹೇಳುವುದಿಷ್ಟು: ಒಂದೇ ಉದ್ದೇಶಕ್ಕೆ ಕೈಜೋಡಿಸಿದ ಪ್ರತಿಯೊಬ್ಬನೂ ಅತ್ಯಾಚಾರ ಮಾಡಿದವನೇ. ಯಾರು ಮುಟ್ಟಿದರು, ಯಾರು ಮುಟ್ಟಲಿಲ್ಲ ಎಂದು ಬೇರೆ ಬೇರೆ ಲೆಕ್ಕ ಇಲ್ಲ. ಹಾಗಂತ ಸುಮ್ನೆ ಅಲ್ಲಿದ್ದ ಮಾತ್ರಕ್ಕೆ ಯಾರೂ ಅಪರಾಧಿ ಆಗುವುದಿಲ್ಲ. ಅವನು ಯಾಕೆ ನಿಂತಿದ್ದ ಎನ್ನುವುದೇ ಪ್ರಶ್ನೆ. ಕಾವಲಿಗಾ? ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಿತ್ತಾ? ಅವರ ಜೊತೆಗೇ ಬಂದು ಜೊತೆಗೇ ಹೋದನಾ? ಮೊದಲೇ ಕೂತು ಮಾತಾಡಿಕೊಂಡಿರಬೇಕು ಅಂತಿಲ್ಲ. ಆ ಹೊತ್ತಿಗೆ ಅಲ್ಲೇ ಒಂದಾದರೂ ಸಾಕು.

ಮುಂಬೈ ಫೋರ್ಟ್‌ನ ಸೆಷನ್ಸ್ ಕೋರ್ಟಿನಲ್ಲಿ ಕೂತು ನೋಡಿದ ಒಂದು ವಿಚಾರಣೆ ನನಗೆ ಇವತ್ತಿಗೂ ಮರೆತಿಲ್ಲ. ಸಾಕ್ಷಿ ಹೇಳುತ್ತಿದ್ದವಳು ವಿಜಯಪುರದ ಕಡೆಯ ಹೆಣ್ಣುಮಗಳು. ಠಾಣೆಯಲ್ಲಿ ಆಕೆ ಹೇಳಿದ್ದು, 'ಅವ ಚಿಲಕ ಹಾಕಿ ನಿಂತಿದ್ದ.' ಮರಾಠಿಯಲ್ಲಿ ಬರೆದುಕೊಂಡವರು ಬರೆದದ್ದು 'ದಾರಾಜವಳ್ ಉಭಾ ಹೋತಾ', ಬಾಗಿಲ ಹತ್ತಿರ ನಿಂತಿದ್ದ. ಚಿಲಕ ಬಿಟ್ಟೇ ಹೋಗಿತ್ತು. ಪಾಟೀಸವಾಲಿನಲ್ಲಿ ಎದುರು ವಕೀಲರು ಅದನ್ನೇ ಹಿಡಿದರು: 'ಚಿಲಕದ ಮಾತು ಆಗ ಇರಲಿಲ್ಲ, ಈಗ ಎಲ್ಲಿಂದ ಬಂತು?' ಆಕೆ ಕಟಕಟೆಯ ಕಂಬಿ ಹಿಡಿದು ಕನ್ನಡದಲ್ಲೇ ಅಂದಳು, 'ನಾ ಹೇಳೀನ್ರೀ, ಅವರು ಬರದಿಲ್ಲ.' ಕಾವಲುಗಾರನಿಗೂ ದಾರಿಹೋಕನಿಗೂ ನಡುವೆ ಇದ್ದದ್ದು ಆ ಒಂದು ಚಿಲಕ.

ಈಗ ನಿಮ್ಮ ಎರಡನೇ ಮಾತು. ಹುಡುಗಿಯ ಮಾತೊಂದೇ ಸಾಕಾ? ಸಾಕು, ಅದು ನಂಬುವಂತಿದ್ದರೆ. 1990ರಲ್ಲಿ ಮಹಾರಾಷ್ಟ್ರದ್ದೇ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಗಾಯಗೊಂಡ ಸಾಕ್ಷಿಯ ಮಾತಿಗೆ ಇರುವ ತೂಕ ಅತ್ಯಾಚಾರಕ್ಕೊಳಗಾದವಳ ಮಾತಿಗೂ ಇದೆ. 1996ರಲ್ಲಿ ಗುರ್ಮಿತ್ ಸಿಂಗ್ ಕೇಸಿನಲ್ಲಿ ಅದೇ ಕೋರ್ಟಿನ ತೀರ್ಪು ಅದನ್ನೇ ಗಟ್ಟಿ ಮಾಡಿತು. ದೂರು ಕೊಡಲು ತಡವಾಯಿತು, ಗಂಟೆ ಹೆಚ್ಚುಕಮ್ಮಿ ಹೇಳಿದಳು ಎಂಬ ಕಾರಣಕ್ಕೇ ಕೇಸು ಬೀಳುವುದಿಲ್ಲ. ಯಾರ್ಯಾರಿದ್ದರು, ಯಾರು ಏನು ಮಾಡಿದರು ಎಂಬುದರಲ್ಲೇ ಮಾತು ಬದಲಾದರೆ ಮಾತ್ರ ಜಡ್ಜು ಬೇರೆ ಆಧಾರ ಹುಡುಕುತ್ತಾರೆ. ಹೊರಗೆ ನಿಂತಿದ್ದವನ ವಿಷಯದಲ್ಲಿ ಗುರುತು ಹಿಡಿಯುವುದು ಬಹಳ ಮುಖ್ಯ.

'ಮೈಮೇಲೆ ಗಾಯವೇ ಇಲ್ಲವಲ್ಲ' ಎನ್ನುವ ಮಾತು ಈಗಲೂ ಕಿವಿಗೆ ಬೀಳುತ್ತದೆ. 1972ರಲ್ಲಿ ಇದೇ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯಲ್ಲಿ ಆದಿವಾಸಿ ಹುಡುಗಿಯ ಮೇಲೆ ನಡೆದ ಅತ್ಯಾಚಾರದ ಕೇಸಿನಲ್ಲಿ ಗಾಯ ಇಲ್ಲ, ಕೂಗಲಿಲ್ಲ ಎಂದು ಇಬ್ಬರು ಪೊಲೀಸರು 1978ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿಡುಗಡೆಯಾದರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ದೇಶದ ತುಂಬ ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ತಿದ್ದಬೇಕಾಯಿತು. ಎದುರಿಸಿ ಹೋರಾಡಲಿಲ್ಲ ಎಂದ ಮಾತ್ರಕ್ಕೆ ಒಪ್ಪಿಗೆ ಇತ್ತು ಎನ್ನುವಂತಿಲ್ಲ ಎಂದು 2013ರಿಂದ ಕಾನೂನಿನಲ್ಲೇ ಬರೆದಿದೆ.

ಅದೇ 2013ರ ಆಗಸ್ಟ್‌ನಲ್ಲಿ ನಮ್ಮ ಮಹಾಲಕ್ಷ್ಮಿಯ ಶಕ್ತಿ ಮಿಲ್ ಪ್ರಕರಣ. ಜೊತೆಗಿದ್ದ ಸಹೋದ್ಯೋಗಿಯನ್ನು ಕಟ್ಟಿಹಾಕಿ ಫೋಟೋ ಜರ್ನಲಿಸ್ಟ್ ಮೇಲೆ ಅತ್ಯಾಚಾರ ನಡೆಯಿತು. ಆಕೆ ಬಾಯಿಬಿಟ್ಟ ಮೇಲೆ, ಅದೇ ಜಾಗದಲ್ಲಿ ಅದಕ್ಕೂ ಮೊದಲು ದೌರ್ಜನ್ಯಕ್ಕೆ ಸಿಕ್ಕ ಇನ್ನೊಬ್ಬಳೂ ಮುಂದೆ ಬಂದಳು. ದೂರು ತಡವಾಯಿತು ಎಂದ ಮಾತ್ರಕ್ಕೆ ಸುಳ್ಳಲ್ಲ ಎನ್ನುವುದು ಇದಕ್ಕೇ.

ಹುಡುಗನ ಮನೆಯವರಿಗೆ ಹೇಳಿ: ಅವನು ಅಲ್ಲಿ ನಿಜವಾಗಿ ಏನು ಮಾಡುತ್ತಿದ್ದ ಎಂದು ವಕೀಲರ ಹತ್ತಿರ ಮುಚ್ಚುಮರೆ ಮಾಡಬೇಡಿ. ಹುಡುಗಿಯ ಮನೆಗೆ ರಾಜಿಗೆ ಹೋಗಬೇಡಿ, ಇದು ರಾಜಿಯಾಗುವ ಕೇಸಲ್ಲ. ಆಕೆಯ ಹೆಸರನ್ನು ಚಾಳಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದವರಿಗೂ 2 ವರ್ಷದವರೆಗೆ ಜೈಲಾಗಬಹುದು. ಆ ಹುಡುಗಿಯ ಮನೆಯವರು ನಿಮಗೆ ಪರಿಚಯವಿದ್ದರೆ ಅವರಿಗೂ ಒಂದು ಮಾತು ತಿಳಿಸಿ. ಠಾಣೆಯಲ್ಲಿ ಬರೆದುಕೊಂಡ ದೂರನ್ನು ಗೊತ್ತಿರುವ ಭಾಷೆಯಲ್ಲಿ ಓದಿಸಿಕೊಂಡು, ಆಮೇಲೆ ಸಹಿ ಹಾಕಲಿ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಲೇಬೇಕು, ಕೇಳಿ ತೆಗೆದುಕೊಳ್ಳಲಿ.